ಬಕೀಟು ಬಚ್ಚಿಟ್ಟ ಊರು

ಕ್ಲೂನಬ್ರಾಕ್‌ನಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದಂತೆ ಮಾತಾಡುವುದಿಲ್ಲ. ನಿಮ್ಮ ಹಸು ಪಕ್ಕದವನ ಹುಲ್ಲುಗಾವಲಿಗೆ ನುಗ್ಗಿ ಹೊಟ್ಟೆ ತುಂಬ ಮೇಯ್ದಿತೆನ್ನಿ. ಆತ ಸಂಜೆ ಬರುತ್ತಾನೆ, ಮಳೆಯ ವಿಷಯ ಮಾತಾಡುತ್ತಾನೆ, ಎರಡು ಲೋಟ ಚಹಾ ಕುಡಿಯುತ್ತಾನೆ, ಹೊರಡುವಾಗ ಬಾಗಿಲಲ್ಲಿ ನಿಂತು "ಬೇಲಿ ಕಟ್ಟೋದಕ್ಕೆ ಒಳ್ಳೆ ಹವಾ ನೋಡು" ಅನ್ನುತ್ತಾನೆ. ಅಷ್ಟೇ. ಉಳಿದದ್ದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ರಾಸ್‌ಕಾಮನ್ ಜಿಲ್ಲೆಯ ಉದ್ದಗಲಕ್ಕೂ ಈ ಅಭ್ಯಾಸ ಉಂಟು, ಆದರೆ ನಮ್ಮವರು ಅದನ್ನು ಅರೆದು ಕುಡಿದವರು. ಅದಕ್ಕೆ ಮರ್ಯಾದೆ ಅಂತ ಹೆಸರು ಕೊಟ್ಟುಕೊಂಡಿದ್ದಾರೆ.

ಈ ಮರ್ಯಾದೆಯ ದೆಸೆಯಿಂದಲೇ ಕಲ್ಲುಕೆಲಸದ ಮಲಕಿ ಬರ್ನ್ ಎಪ್ಪತ್ತಮೂರು ವರ್ಷದವರೆಗೆ ನೆಮ್ಮದಿಯಾಗಿ ಬದುಕಿದ. ಹೆಂಡತಿ ಡೀಲಿಯಾ ತೀರಿಕೊಂಡು ಆರು ವರ್ಷವಾಗಿತ್ತು. ಎಡಮೊಣಕಾಲು ಕೈಕೊಟ್ಟಿತ್ತು. ಅವೆರಡನ್ನೂ ಮರೆಸುವಂಥ ಒಂದು ವಸ್ತು ಊರ ನಟ್ಟನಡುವೆ ನಿಂತಿತ್ತು. ಅದು ಸಂತೆಮನೆ. ಕೆಳಗೆ ಮೂರು ಕಮಾನು, ಮೇಲೆ ಉದ್ದನೆಯ ಒಂದೇ ಕೋಣೆ, ನಡುಗಮಾನಿನ ನೆತ್ತಿಯಲ್ಲಿ ೧೭೮೪ ಎಂದು ಕೊರೆದ ಕಲ್ಲು. ಹಿಂದೆ ಕಮಾನುಗಳ ಕೆಳಗೆ ಬೆಣ್ಣೆ, ಓಟ್ಸ್ ತೂಗುತ್ತಿದ್ದರು. ಮೇಲಿನ ಕೋಣೆಯಲ್ಲಿ ಮೊದಲು ಕೋರ್ಟು ನಡೆಯಿತು, ಆಮೇಲೆ ಕುಣಿತ, ಈಗ ಇಸ್ಪೀಟು ಮತ್ತು ಸತ್ತವರ ಮನೆಯವರಿಗೆ ಚಹಾ. ಮಲಕಿ ಡೀಲಿಯಾಳನ್ನು ಮೊದಲು ಕಂಡದ್ದು ಆ ಕೋಣೆಯಲ್ಲೇ, ಅವಳ ಕಾಲು ತುಳಿದು.

೧೯೮೮ರವರೆಗೆ ಸಂತೆಮನೆಯ ಮೈಗೆ ಸುಣ್ಣದ ಗಾರೆ ಇತ್ತು. ಪರಮಪ್ರಸಾದದ ಹಬ್ಬದ ಮೆರವಣಿಗೆಗೆ ಮುಂಚೆ ಪ್ರತಿ ವರ್ಷ ಮಲಕಿಯ ಅಪ್ಪ ಬಾರ್ಟ್ಲಿ ಬರ್ನ್ ಅದಕ್ಕೆ ಬಿಳಿ ಸುಣ್ಣ ಬಳಿಯುತ್ತಿದ್ದ. ಆಮೇಲೆ ಅಚ್ಚುಕಟ್ಟು ಊರುಗಳ ಸ್ಪರ್ಧೆ ನಮ್ಮವರ ತಲೆಗೇರಿತು. ಬೇರೆ ಊರುಗಳಲ್ಲಿ ಹಳೆ ಗೋಡೆಗಳ ಗಾರೆ ಕಿತ್ತು ಕಲ್ಲು ತೋರಿಸುತ್ತಿದ್ದಾರೆ, ನೋಡುವವರಿಗೆ ಅದೇ ಇಷ್ಟ ಎಂದು ಯಾರೋ ಸುದ್ದಿ ತಂದರು. ಊರ ಸಮಿತಿಯವರು ಮಲಕಿಯನ್ನು ಕರೆದರು. ಆಗ ಅವನಿಗೆ ಮೂವತ್ತೆಂಟು, ತೋಳಲ್ಲಿ ಬಲ, ತಲೆಯಲ್ಲಿ ಹುರುಪು. ಎರಡು ತಿಂಗಳು ಅಟ್ಟಣಿಗೆಯ ಮೇಲೆ ನಿಂತು ಗಾರೆಯನ್ನೆಲ್ಲ ಉದುರಿಸಿದ, ಕಲ್ಲು ತೊಳೆದ, ಸಂದುಗಳಿಗೆ ಸಿಮೆಂಟು ತುಂಬಿದ. ತುಂಬಿ ಸುಮ್ಮನಾಗಲಿಲ್ಲ, ಪ್ರತಿ ಸಂದಿನ ಮೇಲೂ ಬೆರಳು ದಪ್ಪದ ಉಬ್ಬುಗೆರೆ ಎಳೆದ. ಒಂದು ಗೆರೆಯೂ ಅಂಕುಡೊಂಕಾಗಿರಲಿಲ್ಲ. ಆ ವರ್ಷ ಊರಿಗೆ ಮೊದಲ ಪದಕ ಬಂತು. ಗೋಡೆಯ ಮುಂದೆ ಕೈಕಟ್ಟಿ ನಿಂತ ಮಲಕಿಯ ಫೋಟೊ ಪತ್ರಿಕೆಯಲ್ಲಿ ಬಂತು. ಗಸ್ ನಾಟನ್‌ನ ಪಬ್ಬಿನಲ್ಲಿ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದರು. ಅಂದಿನಿಂದ ಊರವರ ಬಾಯಲ್ಲಿ ಅದು ಮಲಕಿಯ ಗೋಡೆ.

ಅಪ್ಪ ಬಾರ್ಟ್ಲಿ ಒಂದೇ ಒಂದು ಸಲ ನೋಡಲು ಬಂದಿದ್ದ. ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. "ಕೈಕೆಲಸ ಚೊಕ್ಕಟವಾಗಿದೆ" ಅಂದ. ಆಮೇಲೆ ಆ ಬೀದಿಗೆ ಬರುವುದನ್ನೇ ಬಿಟ್ಟ. ಅಂಗಡಿಗೆ ಹೋಗಬೇಕಾದರೆ ಸ್ಮಶಾನ ಸುತ್ತಿಕೊಂಡು ಹೋಗುತ್ತಿದ್ದ. ಮಲಕಿ ಅದನ್ನು ಮುದುಕರ ಹುಚ್ಚಾಟ ಎಂದುಕೊಂಡ. ಆ ಶರತ್ಕಾಲದಲ್ಲಿ ಬಾರ್ಟ್ಲಿ ಒಂದು ಟ್ರೇಲರ್ ಸುಟ್ಟ ಸುಣ್ಣ ತರಿಸಿ ಮನೆಯ ಹಿಂದಿನ ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ಮುಚ್ಚಿಟ್ಟಾಗಲೂ ಊರು ನಕ್ಕಿತ್ತು, ಯಾರಿಗೆ ಬೇಕು ಈಗ ಸುಣ್ಣ ಎಂದು. "ಇರ್ಲಿ, ಕೆಡೋ ವಸ್ತು ಅಲ್ಲ" ಎಂದಷ್ಟೇ ಹೇಳಿದ್ದ. ಮೂರು ವರ್ಷಕ್ಕೆ ಸತ್ತ. ಗುಂಡಿಯ ಮೇಲಿನ ಹಾಸುಗಲ್ಲಿನ ಮೇಲೆ ಡೀಲಿಯಾ ಹೂವಿನ ಕುಂಡ ಇಟ್ಟಳು.

ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮಲಕಿಗೆ ಟೋಪಿ ನೆನಪಾಯಿತು. ಭಾನುವಾರ ಇಸ್ಪೀಟು ಆಡುವಾಗ ಸಂತೆಮನೆಯಲ್ಲೇ ಬಿಟ್ಟುಬಂದಿದ್ದ. ಭಾನುವಾರ ರಾತ್ರಿಯಿಂದ ಪಶ್ಚಿಮದ ಮಳೆ ಹಿಡಿದಿತ್ತು, ಟೋಪಿ ಇಲ್ಲದೆ ಹೊರಗೆ ತಲೆ ಹಾಕುವಂತಿರಲಿಲ್ಲ. ಬೀಗದಕೈ ಎಲ್ಲರಿಗೂ ಗೊತ್ತಿದ್ದ ಕಡೆಯೇ ಇತ್ತು, ಮೂರನೇ ಕಮಾನಿನ ಬುಡದ ಸಡಿಲ ಕಲ್ಲಿನ ಹಿಂದೆ. ಆದರೂ ಮಲಕಿ ಅದನ್ನು ತಾನಾಗಿ ತೆಗೆದದ್ದು ಅದೇ ಮೊದಲು. ಪ್ರತಿ ಸಲವೂ ಯಾರಾದರೊಬ್ಬರು ಮುಂಚೆಯೇ ಫೋನ್ ಮಾಡುತ್ತಿದ್ದರು. "ಮಲಕಿ, ಬರ್ತಿದೀಯ ತಾನೆ? ಎಷ್ಟು ಹೊತ್ತಿಗೆ ಬರ್ತೀಯ?" ಹಿರಿಯ ಕೆಲಸಗಾರನಿಗೆ ಊರು ಕೊಡುವ ಗೌರವ ಎಂದು ಅವನು ಒಳಗೊಳಗೇ ಬೀಗುತ್ತಿದ್ದ.

ಮೆಟ್ಟಿಲು ಹತ್ತಿ ಬಾಗಿಲು ತೆಗೆದವನು ಹಾಗೇ ನಿಂತ. ಗೋಡೆಗೆ ಒತ್ತಿಕೊಂಡಿರುತ್ತಿದ್ದ ಪಿಯಾನೊ ಕೋಣೆಯ ನಡುವೆ ಬಂದಿತ್ತು, ಮೇಲೆ ಮೇಣಗಪ್ಪಡ ಹೊದಿಸಿತ್ತು. ಬಿಷಪ್ಪರ ಚಿತ್ರ, ಫುಟ್‌ಬಾಲ್ ತಂಡದ ಚಿತ್ರ ಎಲ್ಲ ಗೋಡೆಯಿಂದಿಳಿದು ಕುರ್ಚಿಗಳ ಮೇಲೆ ಕೂತಿದ್ದವು. ಅವು ಮುಚ್ಚಿಕೊಂಡಿರುತ್ತಿದ್ದ ಗೋಡೆಯಲ್ಲಿ ಒಂದು ಹಸು ಮಲಗಿದಷ್ಟು ಅಗಲಕ್ಕೆ ಕಪ್ಪು ಹಬ್ಬಿತ್ತು. ತೊಲೆಯ ತುದಿ ಗೋಡೆಗೆ ಸೇರುವ ಕಡೆಯಿಂದ ನೀರು ಒಂದೊಂದೇ ಹನಿಯಾಗಿ ದೊಡ್ಡದೊಂದು ತಗಡಿನ ಬಕೀಟಿಗೆ ಬೀಳುತ್ತಿತ್ತು. ಬಕೀಟು ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ಸೂರು ಸೋರುತ್ತಿದೆ ಎಂದುಕೊಂಡು ಮೇಲೆ ನೋಡಿದ. ಮೇಲಿನ ಹಲಗೆಗಳು ರೊಟ್ಟಿಯಂತೆ ಒಣಗಿದ್ದವು. ಮಲಕಿ ಕುರ್ಚಿಯ ಮೇಲೆ ಹತ್ತಿ, ನೋಯುವ ಕಾಲನ್ನು ಬೈದುಕೊಂಡು, ಜೇಬಿನ ಚಾಕು ತೆಗೆದು ತೊಲೆಯ ತುದಿಗೆ ಚುಚ್ಚಿದ. ಇನ್ನೂರು ವರ್ಷದ ಓಕ್ ಮರ. ಚಾಕು ಕೇಕಿಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು.

ಅಷ್ಟರಲ್ಲಿ ಫಿಲೊಮಿನಾ ಡೊಕೆರಿ ನೆಲ ಒರೆಸುವ ಕೋಲು ಹಿಡಿದು ಬಂದಳು. ಒಂದು ಕಾಲದಲ್ಲಿ ಅಂಚೆ ಕಚೇರಿ ನಡೆಸಿದವಳು, ಈಗ ಸಮಿತಿಯ ಅಧ್ಯಕ್ಷೆ, ಮಲಕಿಗಿಂತ ಎರಡು ವರ್ಷ ದೊಡ್ಡವಳು. ಕುರ್ಚಿಯ ಮೇಲೆ ನಿಂತ ಅವನನ್ನು ಕಂಡು ಅವಳ ಮುಖದ ಬಣ್ಣ ಹೋಯಿತು.

"ಏನಿದು ಫಿಲೊಮಿನಾ?"

"ಯಾವುದು?"

"ಇದು."

"ಬಕೀಟು."

"ಬಕೀಟು ಅಂತ ನಂಗೂ ಕಾಣ್ತಿದೆ. ಇಲ್ಲಿ ಯಾಕಿದೆ?"

"ಎಲ್ಲಾದ್ರೂ ಒಂದು ಕಡೆ ಇರ್ಬೇಕಲ್ಲ ಮಲಕಿ. ನೀನು ಇಳಿ ಮೊದ್ಲು, ಬಿದ್ದು ಸೊಂಟ ಮುರ್ಕೊಂಡೀಯ. ಬರೋ ಮುಂಚೆ ಒಂದು ಫೋನ್ ಮಾಡಬಾರ್ದಾ?"

ಆ ಮಾತು ಕಿವಿಗೆ ಬಿದ್ದದ್ದೇ ಮಲಕಿಗೆ ಇಷ್ಟು ವರ್ಷದ ಫೋನುಗಳೆಲ್ಲ ಒಂದರ ಹಿಂದೆ ಒಂದರಂತೆ ಅರ್ಥವಾದವು. ಅವನು ಮೆಲ್ಲಗೆ ಇಳಿದು ಅದೇ ಕುರ್ಚಿಯ ಮೇಲೆ ಕೂತ.

"ಎಷ್ಟು ವರ್ಷದಿಂದ?"

"ಸೂರಿಗೆ ಹಂಚು ಹೊಸದು ಹಾಕ್ಸಿದ್ವಲ್ಲ, ಅದು ಸರಿಯಾಗಿ ಕೂತಿಲ್ಲ ಅಂತ ಕಾಣತ್ತೆ."

"ಸೂರು ಒಣಗಿದೆ ಕಣೇ. ಎರಡು ಸಲ ಹಂಚು ಹಾಕ್ಸಿದ್ರಿ. ಎರಡು ಸಲವೂ ನಾನೇ ಏಣಿ ಹಿಡ್ಕೊಂಡಿದ್ದೆ. ನೀರು ಗೋಡೆಯಿಂದ ಬರ್ತಿದೆ. ನಿಂಗೆ ಗೊತ್ತಿತ್ತು."

ಫಿಲೊಮಿನಾ ಒಣಗಿದ ನೆಲವನ್ನೇ ಒರೆಸತೊಡಗಿದಳು. "ಹದಿನೆಂಟು ವರ್ಷ" ಅಂದಳು ಕೊನೆಗೆ, ಕೋಲನ್ನು ನೋಡುತ್ತ.

ಹದಿನೆಂಟು ವರ್ಷ ಇಡೀ ಊರು, ಇವನು ಮೆಟ್ಟಿಲು ಹತ್ತುವ ಮುಂಚೆ ಬಕೀಟು ಎತ್ತಿ ಪರದೆಯ ಹಿಂದೆ ಇಟ್ಟು, ಪಿಯಾನೊ ತಳ್ಳಿ, ಬಿಷಪ್ಪರನ್ನು ಮತ್ತೆ ಗೋಡೆಗೇರಿಸಿ, ಏನೂ ಆಗಿಲ್ಲವೆಂಬಂತೆ ಇಸ್ಪೀಟು ಹಂಚುತ್ತಿತ್ತು. ತಪ್ಪು ಗೋಡೆಯದು ಎಂದು ಹೇಳಲಾರದೆ, ತಪ್ಪೇ ಮಾಡದ ಸೂರನ್ನು ಎರಡೆರಡು ಸಲ ರಿಪೇರಿ ಮಾಡಿಸಿತ್ತು. ಇಂಥ ಪೆದ್ದುತನ ಪ್ರಪಂಚದಲ್ಲಿ ಬೇರೆಲ್ಲಾದರೂ ಇದ್ದೀತೇ? ಮಲಕಿಗೆ ನಗು ಬರಬೇಕಿತ್ತು. ಬಂದದ್ದು ನಾಚಿಕೆ.

"ಡೀಲಿಯಾಗೆ ಗೊತ್ತಿತ್ತಾ?"

ಫಿಲೊಮಿನಾ ಕೋಲನ್ನು ಗೋಡೆಗೆ ಒರಗಿಸಿದಳು. "ಬಕೀಟು ಅವಳದೇ" ಅಂದಳು.

ಮಲಕಿ ಬಕೀಟನ್ನು ಸರಿಯಾಗಿ ನೋಡಿದ. ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಸುತ್ತಿದ್ದು ಅವನೇ. ಅದನ್ನು ಯಾವುದೋ ಕೆಲಸದ ಜಾಗದಲ್ಲಿ ಮರೆತುಬಂದೆ ಎಂದು ಒಂದು ಬೇಸಿಗೆಯೆಲ್ಲ ಹುಡುಕಿದ್ದ. ಡೀಲಿಯಾ ಕೂಡ ಅವನ ಜೊತೆ ಕೊಟ್ಟಿಗೆಯಲ್ಲಿ ಬಗ್ಗಿ ಬಗ್ಗಿ ಹುಡುಕಿದ್ದಳು.

ಅವನು ಟೋಪಿ ತೆಗೆದುಕೊಳ್ಳುವುದನ್ನು ಮರೆತು ಮಳೆಯಲ್ಲೇ ಮನೆಗೆ ನಡೆದ.

ಗುರುವಾರ ಜಿಲ್ಲೆಯ ಹಳೆ ಕಟ್ಟಡಗಳ ಅಧಿಕಾರಿ ಸೋರ್ಚಾ ಮ್ಯಾನಿಯನ್ ಬರುವವಳಿದ್ದಳು. ಜಿಲ್ಲೆಯ ಹಳೆ ಕೋಟೆ, ಇಗರ್ಜಿ, ಗಿರಣಿ, ಸೇತುವೆಗಳನ್ನೆಲ್ಲ ನೋಡಿ ಪಟ್ಟಿ ಮಾಡುವುದು, ಬೀಳುವಂತಿದ್ದರೆ ದುರಸ್ತಿಗೆ ಸರಕಾರದ ನೆರವು ಕೊಡಿಸುವುದು ಅವಳ ಕೆಲಸ. ಸಂತೆಮನೆಯ ಹೆಸರನ್ನು ಸಮಿತಿಯವರೇ ಕಳಿಸಿದ್ದರು. ಬೆಳಿಗ್ಗೆ ಗಸ್‌ನ ಪಬ್ಬಿನಲ್ಲಿ ಎಲ್ಲರೂ ಸೇರಿದಾಗ ಮಲಕಿ ಗೋಡೆ ನೋಡಿದ. ಫೋಟೊ ಇರಬೇಕಾದ ಕಡೆ ಮಾಸದ ಒಂದು ಚೌಕ ಮಾತ್ರ ಉಳಿದಿತ್ತು.

"ಗಾಜು ಒರೆಸೋಕೆ ಇಳಿಸಿದೀನಿ" ಅಂದ ಗಸ್. ಮೂವತ್ತೈದು ವರ್ಷದಲ್ಲಿ ಆ ಗಾಜನ್ನು ಅವನು ಒರೆಸಿದ್ದನ್ನು ಯಾರೂ ಕಂಡಿರಲಿಲ್ಲ.

ಸೋರ್ಚಾ ನಲವತ್ತರ ಒಳಗಿನವಳು, ಕೆಸರಿನ ಬೂಟು, ಕಿವಿಯ ಹಿಂದೆ ಪೆನ್ಸಿಲ್ಲು. ಹೆಚ್ಚು ಮಾತಿಲ್ಲ. ಮೇಲಿನ ಕೋಣೆಯ ತೊಲೆಗಳನ್ನು ಒಂದೊಂದಾಗಿ ತಟ್ಟಿ ಕೇಳಿದಳು. ಹೊರಗೆ ಬಂದು ಗೋಡೆಯ ಮುಂದೆ ನಿಂತಳು. ಹಿಂದೆ ಸಮಿತಿಯ ಒಂಬತ್ತು ಜನ, ಒಂದು ನಾಯಿ.

"ಈ ಸಂದು ತುಂಬಿದ್ದು ಯಾರು?" ಎಂದು ಕೇಳಿದಳು.

ಒಂಬತ್ತು ಜನವೂ ನೆಲ ನೋಡಿದರು.

"ಅದಾ? ಅದು ಬಹಳ ಹಿಂದಿನದು" ಅಂದ ಗಸ್. "ಬ್ರಿಟಿಷರ ಕಾಲದ್ದಿರ್ಬೇಕು."

"ಇದು ಸಿಮೆಂಟು, ಗಸ್. ಅದೂ ಎಂಬತ್ತರ ದಶಕದ ಚೀಲದ ಸಿಮೆಂಟು."

"ಪಕ್ಕದ ಲಾಂಗ್‌ಫರ್ಡ್ ಜಿಲ್ಲೆ ಕಡೆಯವರು ಯಾರೋ ಬಂದಿದ್ರು" ಎಂದು ಫಿಲೊಮಿನಾ ಬಾಯಿ ಹಾಕಿದಳು. "ಹೆಸ್ರು ಹೇಳ್ಲಿಲ್ಲ. ನೋಡೋಕೂ ಸರಿಯಾದವರ ಹಾಗೆ ಕಾಣ್ತಿರ್ಲಿಲ್ಲ."

ಭಾನುವಾರದ ಪೂಜೆ ತಪ್ಪಿಸದ ಹೆಂಗಸು ತನಗಾಗಿ ಹಾಡಹಗಲೇ ಹೀಗೆ ಸುಳ್ಳು ಹೇಳುತ್ತಿದ್ದಾಳೆ. ಮಲಕಿ ಗೋಡೆಯ ಕಡೆ ನೋಡಿದ. ಈಗ ಸುಮ್ಮನಿದ್ದರೆ ಗೋಡೆ ಹೀಗೇ ಉಳಿಯುತ್ತದೆ, ತೊಲೆ ಬೀಳುವವರೆಗೆ. ಬಾಯಿ ಬಿಟ್ಟರೆ ತನ್ನ ಬದುಕಿನಲ್ಲಿ ಚೆನ್ನಾಗಿ ಮಾಡಿದೆ ಎಂದುಕೊಂಡ ಒಂದೇ ಒಂದು ಕೆಲಸ ಹೋಗುತ್ತದೆ. ಆ ಎರಡರ ನಡುವೆ ಅವನು ಒಂದು ನಿಮಿಷ ನಿಂತ. ನಾಯಿ ಆಕಳಿಸಿತು.

"ನಾನು, ಮಗಳೇ" ಅಂದ. "ನಾನೇ ತುಂಬಿದ್ದು. ಗಾರೆ ಕಿತ್ತಿದ್ದೂ ನಾನೇ."

ಸೋರ್ಚಾ ಅವನ ಕಡೆ ತಿರುಗಿದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದು ಅವನಿಗೆ ಹಿಡಿಸಿತು. "ಇಲ್ಲಿ ಬನ್ನಿ" ಎಂದು ಕಮಾನಿನ ಬಳಿ ಕರೆದಳು. ಕಮಾನಿನ ಕೆತ್ತಿದ ಕಲ್ಲಿನ ಅಂಚಿಗೆ ಬೆರಳಿಟ್ಟಳು. "ಇದು ಗೋಡೆಯ ಮಿಕ್ಕ ಕಲ್ಲಿಗಿಂತ ಒಂದು ಇಂಚು ಮುಂದಿದೆ. ಮೂಲೆಗಲ್ಲುಗಳೂ ಅಷ್ಟೇ. ಯಾಕೆ ಅಂತ ನಿಮಗೆ ಗೊತ್ತಿರ್ಬೇಕು."

ಮಲಕಿಗೆ ಗೊತ್ತಿತ್ತು. ಅಂದೂ ಗೊತ್ತಿತ್ತು. ಎಂಬತ್ತೆಂಟರಲ್ಲಿ ಅಟ್ಟಣಿಗೆಯ ಮೇಲೆ ನಿಂತು ಅದೇ ಅಂಚಿಗೆ ಅದೇ ರೀತಿ ಬೆರಳಿಟ್ಟು, ಇದ್ಯಾಕೆ ಹೀಗೆ ಮುಂದೆ ಬಂದಿದೆ ಎಂದು ಅರೆಗಳಿಗೆ ಯೋಚಿಸಿದ್ದ. ಆ ಒಂದು ಇಂಚು ಗಾರೆಗಾಗಿ ಬಿಟ್ಟ ಜಾಗ. ೧೭೮೪ರ ಕಲ್ಲುಕುಟಿಗ ಮುಂದೆ ಬರುವವನಿಗೆ ಬಿಟ್ಟುಹೋದ ಮಾತು ಅದು. ಆದರೆ ಕೆಳಗೆ ಜನ ನೋಡುತ್ತಿದ್ದರು, ಗೆರೆ ನೆಟ್ಟಗೆ ಬರುತ್ತಿತ್ತು, ಬಿಸಿಲು ಬೇರೆ ಚೆನ್ನಾಗಿತ್ತು. ಆ ಅಂಚಿನ ಸಂದಿಗೂ ಸಿಮೆಂಟು ಮೆತ್ತಿ ಮುಂದಕ್ಕೆ ಹೋಗಿದ್ದ.

"ಬರೀ ಕಾಡುಗಲ್ಲಿನ ಗೋಡೆ ನೀರು ಕುಡಿಯುತ್ತೆ" ಅಂದ ನಿಧಾನವಾಗಿ, ತನಗೇ ಹೇಳಿಕೊಳ್ಳುವವನಂತೆ. "ಸುಣ್ಣ ಆದ್ರೆ ಕುಡಿದಿದ್ದನ್ನ ಹೊರಗೆ ಬಿಡುತ್ತೆ. ಸಿಮೆಂಟು ಬಿಡಲ್ಲ. ಒದ್ದೆ ಅಂಗಿ ಮೇಲೆ ರೇನ್‌ಕೋಟ್ ಹಾಕಿ ಗುಂಡಿ ಬಿಗಿದ ಹಾಗೆ. ನೀರಿಗೆ ದಾರಿ ಇಲ್ದೆ ತೊಲೆ ಹಿಡ್ಕೊಂಡಿದೆ."

"ಹೌದು. ಸಿಮೆಂಟೆಲ್ಲ ಕೈಯಿಂದ ಬಿಡಿಸ್ಬೇಕು. ತೊಲೆ ತುದಿಗಳನ್ನ ಸರಿಮಾಡಿ, ಮೂರು ಪದರ ಸುಣ್ಣದ ಗಾರೆ ಹಾಕ್ಬೇಕು. ಅಷ್ಟಕ್ಕೆ ಒಪ್ಪಿದ್ರೆ ನೆರವಿಗೆ ಬರೀತೀನಿ. ಇಲ್ಲಾಂದ್ರೆ ಇನ್ನೆರಡು ಚಳಿಗಾಲ, ಅಷ್ಟೇ. ಇವತ್ತಿಂದ ಮೇಲಿನ ಕೋಣೆಗೆ ಯಾರೂ ಹತ್ತಬೇಡಿ."

"ಕಲ್ಲು ಮುಚ್ಚಿಬಿಡೋದಾ?" ಗಸ್ ಕೆಂಪಾದ. "ಅದು ಊರಿನ ಮರ್ಯಾದೆ ಕಣಮ್ಮಾ. ನಾವು ಒಪ್ಪಲ್ಲ."

ಉಳಿದವರೂ ಗೊಣಗಿದರು. ಭಾನುವಾರ ಪೂಜೆಯ ನಂತರ ಇಗರ್ಜಿಯ ಸಭಾಂಗಣದಲ್ಲಿ ಕೈಯೆತ್ತಿಸಿ ತೀರ್ಮಾನ ಮಾಡೋಣ ಎಂದಾಯಿತು. ತೀರ್ಮಾನ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಲಕಿ ಬದುಕಿರುವವರೆಗೆ ಅವನ ಗೋಡೆ ಮುಟ್ಟುವುದಿಲ್ಲ. ಬೇಕಾದರೆ ಇನ್ನೊಂದು ಬಕೀಟು ತಂದರಾಯಿತು.

ಶುಕ್ರವಾರ ಬೆಳಿಗ್ಗೆ ಮಳೆ ನಿಂತಿತ್ತು. ಮಲಕಿ ಮನೆಯ ಹಿಂದೆ ಹೋಗಿ ಡೀಲಿಯಾಳ ಕುಂಡಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟ. ಹಾರೆ ಹಾಕಿ ಹಾಸುಗಲ್ಲು ಮೀಟಿದ. ಕೆಳಗೆ ಗೇಣುದ್ದ ತಿಳಿನೀರು ನಿಂತಿತ್ತು. ನೀರಿನೊಳಗೆ ತೋಳಿಳಿಸಿದ. ಬೆರಳಿಗೆ ಸಿಕ್ಕಿದ್ದು ಕಲ್ಲಾಗಿರಲಿಲ್ಲ. ಮೆತ್ತಗೆ, ನುಣ್ಣಗೆ, ಹೊಸ ಬೆಣ್ಣೆಯ ಹಾಗೆ ಇತ್ತು. ಒಂದು ಹಿಡಿ ಮೇಲೆತ್ತಿದ. ಮೂವತ್ತೈದು ವರ್ಷದ ಸುಣ್ಣ, ಇಂದೋ ನಿನ್ನೆಯೋ ಅರಳಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಯಾರಿಗೆ ಬೇಕು ಈಗ ಸುಣ್ಣ ಎಂದು ಊರು ಕೇಳಿದ್ದಕ್ಕೆ ಈಗ ಉತ್ತರ ಗೊತ್ತಾಯಿತು. ಅಪ್ಪನಿಗೆ ಅಂದೇ ತಿಳಿದಿತ್ತು. ಗೋಡೆಯ ಮೇಲೆ ಅಂಗೈ ಇಟ್ಟಾಗಲೇ ತಿಳಿದಿತ್ತು. ಮಗನ ಮುಖ ನೋಡಿದ, ಪದಕ ನೋಡಿದ, ಫೋಟೊ ನೋಡಿದ, ಹೇಳಲಿಲ್ಲ. ಸ್ಮಶಾನ ಸುತ್ತಿಕೊಂಡು ಅಂಗಡಿಗೆ ಹೋದ, ಗುಂಡಿ ತುಂಬ ಸುಣ್ಣ ಅರಳಿಸಿಟ್ಟು ಸತ್ತ. ಮಲಕಿಗೆ ಅಪ್ಪನ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ? ಅಂದೇ ಹೇಳಿದ್ದರೆ ಜಗಳವಾಗುತ್ತಿತ್ತು, ಒಂದು ತಿಂಗಳು ಮಾತು ಬಿಡುತ್ತಿದ್ದೆವು, ಆದರೆ ಗೋಡೆ ಉಳಿಯುತ್ತಿತ್ತು. ಅವನು ಗುಂಡಿಯ ಅಂಚಿನಲ್ಲಿ ಕೂತು, ಕೈಯಲ್ಲಿ ಸುಣ್ಣ ಹಿಡಿದುಕೊಂಡೇ ಅತ್ತ. ಸುಣ್ಣ ಕೈ ಸುಡತೊಡಗಿದಾಗ ಎದ್ದು ತೊಳೆದುಕೊಂಡ.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು ಮೊದಲೇ ಹಂಚಿಯಾಗಿತ್ತು. ಗಸ್ ಎದ್ದು, ಕಲ್ಲಿನ ಗೋಡೆ ಊರಿನ ಹೆಮ್ಮೆ, ಕೆಲವರ ಭಾವನೆಗಳನ್ನೂ ನೋಡಬೇಕಾಗುತ್ತದೆ ಎಂದು ಸುತ್ತಿ ಬಳಸಿ ಮಾತಾಡಿದ. ಆ ಕೆಲವರು ಯಾರೆಂದು ಯಾರೂ ತಿರುಗಿ ನೋಡಲಿಲ್ಲ. ಆಗ ಮಲಕಿ ಎದ್ದ. ಜಾಮಿನ ಸೀಸೆಯಲ್ಲಿ ತಂದಿದ್ದ ಸುಣ್ಣವನ್ನು ಮೇಜಿನ ಮೇಲೆ ಇಟ್ಟ.

"ಇದು ನಮ್ಮಪ್ಪಂದು. ನಾನು ಗೋಡೆ ಕೆಡಿಸಿದ ವರ್ಷವೇ ಅರಳಿಸಿಟ್ಟಿದ್ದ. ಅವನಿಗೆ ಗೊತ್ತಿತ್ತು. ಹೇಳ್ಲಿಲ್ಲ. ನನ್ನ ಹೆಂಡ್ತಿಗೆ ಗೊತ್ತಿತ್ತು. ಹೇಳ್ಲಿಲ್ಲ. ನನ್ನ ಬಕೀಟನ್ನ ನನ್ನ ಮನೆಯಿಂದ್ಲೇ ಕದ್ದು ನಿಮಗೆ ತಂದ್ಕೊಟ್ಳು. ನಿಮಗೆಲ್ಲ ಹದಿನೆಂಟು ವರ್ಷದಿಂದ ಗೊತ್ತು." ಅವನ ದನಿ ಏರಲಿಲ್ಲ. "ನನ್ನ ಮನಸ್ಸು ನೋಯುತ್ತೆ ಅಂತ ಅಲ್ವಾ? ನೋಯ್ತಿತ್ತು, ನಿಜ. ನೋಯಿಸ್ಬೇಕಾಗಿತ್ತು. ಆಗ ನನಗೆ ಐವತ್ತೈದು. ಮೊಣಕಾಲು ಗಟ್ಟಿ ಇತ್ತು. ಒಂದೇ ಬೇಸಿಗೆಗೆ ಒಬ್ಬನೇ ಎಲ್ಲ ಬಿಡಿಸಿ ಹಾಕ್ತಿದ್ದೆ. ಈಗ ನೋಡಿ, ಬಗ್ಗಿದ್ರೆ ಏಳೋಕೆ ಇಬ್ಬರು ಬೇಕು."

ಕೆಟಲು ಮಾತ್ರ ಸದ್ದು ಮಾಡುತ್ತಿತ್ತು.

"ನಾನು ಇಷ್ಟೇ ಕೇಳೋದು. ಈವತ್ತು ನೀವು ನನ್ನ ಮುಖ ನೋಡಿ ಕೈ ಎತ್ತಬೇಡಿ. ಗೋಡೆ ನೋಡಿ ಎತ್ತಿ."

ಮೊದಲು ಎದ್ದದ್ದು ಫಿಲೊಮಿನಾಳ ಕೈ. ಆಮೇಲೆ ಒಂದೊಂದಾಗಿ ಉಳಿದವು ಎದ್ದವು. ಗಸ್ ಕಡೆಯವನು. ಕೈ ಎತ್ತಿಕೊಂಡೇ ಕೇಳಿದ, "ಫೋಟೊ ಏನ್ ಮಾಡ್ಲಿ ಮಲಕಿ?"

"ಎಲ್ಲಿತ್ತೋ ಅಲ್ಲೇ ಹಾಕು. ತಪ್ಪು ಮಾಡಿದ್ರೂ ಚಂದವಾಗಿ ಮಾಡಿದೀನಿ."

ಎಲ್ಲರೂ ನಕ್ಕರು. ಆ ನಗು ಸಭಾಂಗಣದಲ್ಲಿ ಬಹಳ ಹೊತ್ತು ಇತ್ತು.

ಆ ಬೇಸಿಗೆಯೆಲ್ಲ ಸಂತೆಮನೆಯಿಂದ ಉಳಿ ಸುತ್ತಿಗೆಯ ಸದ್ದು ಕೇಳಿಸಿತು. ಸೋರ್ಚಾ ಕಳಿಸಿದ ಇಬ್ಬರು ಕೆಲಸಗಾರರು ಮೇಲಿನ ಸಾಲುಗಳನ್ನು ಬಿಡಿಸಿದರು. ಕೆಳಗಿನ ಸಾಲುಗಳನ್ನು ಮಲಕಿ ಒಂದು ಮೋಟು ಸ್ಟೂಲಿನ ಮೇಲೆ ಕೂತು ತಾನೇ ಬಿಡಿಸಿದ. ತಾನು ಎಳೆದ ಒಂದೊಂದು ಉಬ್ಬುಗೆರೆಯೂ ಅವನಿಗೆ ನೆನಪಿತ್ತು. ಒಂದೊಂದೂ ಬಿಡುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತಿತ್ತು. ಅಷ್ಟು ಗಟ್ಟಿಯಾಗಿ ಮಾಡಿದ್ದ ಮಾರಾಯ. ಚಳಿಗಾಲ ಗೋಡೆಯನ್ನು ಒಣಗಲು ಬಿಟ್ಟು, ತೊಲೆಗಳಿಗೆ ಹೊಸ ತುದಿ ಕೂಡಿಸಿದರು. ಮಾರನೆಯ ವಸಂತದಲ್ಲಿ, ಮಂಜು ಬೀಳುವುದು ನಿಂತ ಮೇಲೆ, ಗಾರೆಯ ಮೂರು ಪದರ ಹತ್ತಿತು. ಕಡೆಯ ಪದರದ ಗಾರೆ ಕಮಾನಿನ ಕಲ್ಲಿಗೆ ಸರಿಸಮ ಬಂದು ನಿಂತಾಗ ಮಲಕಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ನೋಡಿದ. ಒಂದು ಇಂಚು ಅಂದರೆ ಒಂದೇ ಇಂಚು.

ಸುಣ್ಣ ಬಳಿಯುವ ಕೆಲಸವನ್ನು ಅವನು ಯಾರಿಗೂ ಬಿಡಲಿಲ್ಲ. ಪರಮಪ್ರಸಾದದ ಹಬ್ಬದ ಮೆರವಣಿಗೆಗೆ ಮೂರು ದಿನ ಮುಂಚೆ ಅಪ್ಪನ ಗುಂಡಿಯಿಂದ ಸುಣ್ಣ ತಂದು, ತಾಮ್ರದ ತಂತಿ ಸುತ್ತಿದ ಅದೇ ಬಕೀಟಿನಲ್ಲಿ ಹಾಲಿನ ಹದಕ್ಕೆ ಕಲಸಿದ. ಎತ್ತರದ ಭಾಗಗಳನ್ನು ಆ ಇಬ್ಬರು ಕೆಲಸಗಾರರು ಅವನ ಕಣ್ಣೆದುರಿಗೆ ಬಳಿದರು. ಕಮಾನಿನಿಂದ ಕೆಳಗೆ, ಕಿಟಕಿಗಳ ಸುತ್ತ, ಅವನದೇ ಕೈ. ಮೂರನೇ ದಿನದ ಕೊನೆಯ ಬಳಿತ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ರಸ್ತೆ ದಾಟಿ ಗಸ್‌ನ ಪಬ್ಬಿನ ಮುಂದಿನ ಬೆಂಚಿನ ಮೇಲೆ ಕೂತ. ಫಿಲೊಮಿನಾ ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತಳು.

"ಏನೂ ಕಾಣಿಸ್ತಾನೇ ಇಲ್ವಲ್ಲ" ಅಂದಳು. "ಕೊಳೆ ನೀರು ಎರಚಿದ ಹಾಗಿದೆ."

"ಹಸಿ ಇರೋವಾಗ ಹಾಗೇ. ಒಣಗ್ತಾ ಒಣಗ್ತಾ ಬೆಳ್ಳಗಾಗುತ್ತೆ. ಕೂತ್ಕೋ."

ಚಿಕ್ಕಂದಿನಲ್ಲಿ ಅಪ್ಪ ಪ್ರತಿ ವರ್ಷ ಸುಣ್ಣ ಬಳಿದಾದ ಮೇಲೆ ಇದೇ ಬೆಂಚಿನ ಮೇಲೆ ತಾಸುಗಟ್ಟಲೆ ಕೂರುತ್ತಿದ್ದ. ದಣಿದಿದ್ದಾನೆ, ಸುಧಾರಿಸಿಕೊಳ್ಳುತ್ತಿದ್ದಾನೆ ಎಂದು ಮಲಕಿ ತಿಳಿದಿದ್ದ. ಅಪ್ಪ ಗೋಡೆ ಬೆಳ್ಳಗಾಗುವುದನ್ನು ಕಾಯುತ್ತಿದ್ದ. ಇಷ್ಟು ಸರಳ ವಿಷಯ ತಿಳಿಯಲು ಎಪ್ಪತ್ತನಾಲ್ಕು ವರ್ಷ ಬೇಕಾಯಿತಲ್ಲ ಎಂದು ಅವನಿಗೆ ನಗು ಬಂತು, ಅದರ ಹಿಂದೆಯೇ ಅಪ್ಪನ ಮೇಲಿನ ಸಿಟ್ಟೂ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಸ್ವಲ್ಪ ಉಳಿಸಿಕೊಂಡ.

ಬಿಳುಪು ಮೇಲಿನಿಂದ ಇಳಿಯತೊಡಗಿತು. ಮೊದಲು ಸೂರಿನ ಕೆಳಗೆ, ಆಮೇಲೆ ಮೇಲಿನ ಕಿಟಕಿಗಳ ಸುತ್ತ. ಇಬ್ಬರೂ ಚಹಾ ಕುಡಿಯುತ್ತ ನೋಡಿದರು.

"ಫಿಲೊಮಿನಾ."

"ಏನು?"

"ಇನ್ಮೇಲೆ ನಾನು ಏನಾದ್ರೂ ತಪ್ಪು ಮಾಡಿದ್ರೆ ಹೇಳ್ತೀಯಾ?"

ಅವಳು ಲೋಟದ ತಳ ನೋಡಿದಳು. ಇಗರ್ಜಿಯ ಗೋಪುರ ನೋಡಿದಳು. ಆಕಾಶದ ಕಡೆ ನೋಡಿ, ಈ ವರ್ಷ ಹುಲ್ಲು ಕೊಯ್ಲಿಗೆ ಹವಾ ಪರವಾಗಿಲ್ಲ ಎಂದು ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚಿಕೊಂಡು, ಎಪ್ಪತ್ತಾರು ವರ್ಷದ ಅಭ್ಯಾಸವನ್ನು ನುಂಗಿಕೊಂಡಳು.

"ಎಡಗಡೆ ಕಿಟಕಿ ಕೆಳಗೆ ಒಂದು ಜಾಗ ಬಿಟ್ಟಿದೀಯ" ಅಂದಳು.

ಮಲಕಿ ಕಣ್ಣು ಕಿರಿದು ಮಾಡಿ ನೋಡಿದ. ಹೌದು. ಸುತ್ತ ಎಲ್ಲ ಬೆಳ್ಳಗಾಗುತ್ತಿತ್ತು, ಕಿಟಕಿಯ ಕೆಳಗೆ ಅಂಗೈಯಗಲ ಬೂದುಬಣ್ಣ ಹಾಗೇ ಉಳಿದಿತ್ತು. ಅವನು ಬೆಂಚು ಹಿಡಿದು ಎದ್ದು, ಬಕೀಟು ಎತ್ತಿಕೊಂಡು ರಸ್ತೆ ದಾಟಿದ.